ಕೆಂಚನ ಕತ್ತಿನ ನರ

ಕ್ಯಾರಿಯರ್ ಬಾಗಿಲು ತೆಗೆದರೂ ಕೆಂಚ ಹೊರಗೆ ಬರುವುದಿಲ್ಲ. ಬೆಂಗಳೂರಿನ ಈ ಪುಟ್ಟ ಕ್ಲಿನಿಕ್ಕಿನ ಪಕ್ಕದ ಕೋಣೆಯಲ್ಲಿ ನಾಯಿಯೊಂದು ಒಂದೇ ಸಮ ಬೊಗಳುತ್ತಿದೆ. ಇವನು ಕಿವಿ ತಲೆಗಂಟಿಸಿಕೊಂಡು ಮೂಲೆ ಹಿಡಿದಿದ್ದಾನೆ. ನೀವು ಕೈಹಾಕಿ ಎಳೆಯಲು ಹೋಗುತ್ತೀರಿ. "ಬಿಡಿ, ಎಳೀಬೇಡಿ" ಎಂದು ಡಾಕ್ಟರಮ್ಮ ಕ್ಯಾರಿಯರ್‌ನ ಮೇಲರ್ಧ ಕಳಚಿ, ಅವನು ಕೂತಲ್ಲೇ ಟವೆಲ್ ಹೊದಿಸುತ್ತಾರೆ.

ಹನ್ನೊಂದು ವರ್ಷದ ಬೆಕ್ಕು. ಈಚೆಗೆ ಬಚ್ಚಲ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯುತ್ತಾನೆ, ಮೈ ಇಳಿದುಹೋಗಿದೆ. ಕಿಡ್ನಿಯೋ, ಸಕ್ಕರೆಯೋ, ಥೈರಾಯ್ಡೋ, ಮುಟ್ಟಿ ನೋಡಿ ಹೇಳುವ ಹಾಗಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಡಾಕ್ಟರು ಹೇಳಿದಂತೆ ರಾತ್ರಿಯಿಂದ ನೀರು ಬಿಟ್ಟು ಬೇರೇನೂ ಕೊಟ್ಟಿಲ್ಲ. ಉಂಡ ಹೊಟ್ಟೆಯಲ್ಲಿ ರಕ್ತಕ್ಕೆ ಕೊಬ್ಬು ಸೇರಿ ಕೆಲವು ಲೆಕ್ಕ ಕೆಡುತ್ತವೆ. (ಇನ್ಸುಲಿನ್ ಮೇಲಿರುವ ಬೆಕ್ಕನ್ನು ಮಾತ್ರ ಕೇಳದೆ ಉಪವಾಸ ಕೆಡವಬೇಡಿ.)

ಸಹಾಯಕ ಹುಡುಗ ಒಂದು ಕೈಯಲ್ಲಿ ಮುಂಗಾಲು ಹಿಡಿದು, ಇನ್ನೊಂದರಿಂದ ಗದ್ದ ಮೇಲಕ್ಕೆತ್ತುತ್ತಾನೆ. ಹೆಕ್ಕತ್ತಿನ ಚರ್ಮ ಹಿಡಿದು ಅದುಮುವ ಹಳೇ ರೂಢಿ ಇಲ್ಲಿಲ್ಲ, ಪುಣ್ಯ. ಅಯ್ಯೋ, ಕತ್ತಿಗೆ ಸೂಜಿಯೇ ಎಂದು ನಿಮ್ಮ ಎದೆ ಧಸಕ್ಕೆನ್ನುತ್ತದೆ. ಮುಂಗಾಲಿನ ನರ ದಾರದಷ್ಟು ಸಣ್ಣ, ಸಿರಿಂಜ್ ಜೋರಾಗಿ ಎಳೆದರೆ ಮುಚ್ಚಿಕೊಂಡುಬಿಡುತ್ತದೆ. ಕತ್ತಿನದು ದಪ್ಪ, ಕೆಲಸ ಬೇಗ ಮುಗಿಯುತ್ತದೆ.

ಸ್ಪಿರಿಟ್ ಹತ್ತಿಯಿಂದ ಕೆಂಚುಗೂದಲು ಒದ್ದೆ ಮಾಡಿ ಪಕ್ಕಕ್ಕೆ ತೀಡುತ್ತಾರೆ. ವಾಸನೆಗೆ ಅವನ ಮೂಗು ಸೊಟ್ಟಗಾಗುತ್ತದೆ. ಕತ್ತಿನ ಬುಡದಲ್ಲಿ ಹೆಬ್ಬೆರಳು ಒತ್ತಿದ್ದೇ ತಡ, ನರ ಉಬ್ಬಿ ನಿಲ್ಲುತ್ತದೆ. ಸೂಜಿ ಇಳಿದದ್ದು ಗೊತ್ತೇ ಆಗುವುದಿಲ್ಲ. ಸಿರಿಂಜಿನಲ್ಲಿ ಕಪ್ಪುಗೆಂಪು ಏರತೊಡಗಿದಾಗಷ್ಟೇ ತಿಳಿಯುತ್ತದೆ. 2 ಮಿಲಿ. ನಾಲ್ಕು ಕೆಜಿ ಬೆಕ್ಕಿನ ಮೈಯಲ್ಲಿ 200 ಮಿಲಿಗೂ ಹೆಚ್ಚು ರಕ್ತ ಇರುತ್ತದೆ, ಕೊರತೆಯೇನೂ ಆಗದು. ಹತ್ತಿ ಒತ್ತಿ ಹಿಡಿಯಲು ನಿಮಗೇ ಹೇಳುತ್ತಾರೆ. ಬೇಗ ಬಿಟ್ಟರೆ ಚರ್ಮದಡಿ ರಕ್ತ ಕಟ್ಟಿ ಊದಿಕೊಳ್ಳುತ್ತದೆ.

"ಕೊಸರಾಡಿದ್ರೆ ಏನ್ ಮಾಡ್ತಿದ್ರಿ ಮೇಡಂ?"

"ವಾಪಸ್ ಕಳಿಸ್ತಿದ್ದೆ. ಇನ್ನೊಂದ್ ದಿನ, ಮನೇಲೇ ಎರಡು ಗಂಟೆ ಮುಂಚೆ ಗಾಬರಿ ಇಳಿಸೋ ಗ್ಯಾಬಪೆಂಟಿನ್ ಕೊಟ್ಟು ಕರ್ಕೊಂಡು ಬನ್ನಿ ಅಂತಿದ್ದೆ."

ಬರೀ ದಯೆಯ ಮಾತಲ್ಲ ಇದು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸರ್ರನೆ ಏರುತ್ತದೆ. ಕಾಯಿಲೆಯೇ ಇಲ್ಲದ ಬೆಕ್ಕೂ ವರದಿಯಲ್ಲಿ ಡಯಾಬಿಟಿಸ್ ರೋಗಿಯ ಹಾಗೆ ಕಾಣಬಹುದು. ಅನುಮಾನ ಬಂದರೆ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರಗಳ ಸಕ್ಕರೆ ಸರಾಸರಿ ಹೇಗಿತ್ತೆಂದು ಅದು ಹೇಳುತ್ತದೆ, ಇವತ್ತಿನ ಗಾಬರಿ ಅದರಲ್ಲಿ ಲೆಕ್ಕಕ್ಕಿಲ್ಲ.

ನೇರಳೆ ಮುಚ್ಚಳದ ಟ್ಯೂಬನ್ನು ಹುಡುಗ ಕುಲುಕದೆ ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಿದ್ದಾನೆ. ಬೆಕ್ಕಿನ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುವುದರಲ್ಲಿ ನಿಸ್ಸೀಮ. ಯಂತ್ರ ಕಡಿಮೆ ಎಣಿಸಿ ತೋರಿಸಿದರೆ ಗಾಬರಿ ಬೇಡ, ಸ್ಲೈಡ್ ಮೇಲೆ ಹಚ್ಚಿ ಕಣ್ಣಲ್ಲೇ ನೋಡುತ್ತಾರಂತೆ.

ಕೆಂಚ ಆಗಲೇ ಕ್ಯಾರಿಯರಿನೊಳಗೆ ಬೆನ್ನು ತಿರುಗಿಸಿ ಕೂತಿದ್ದಾನೆ. ನೀವು ಹೊರಡಲು ಎದ್ದಾಗ ಡಾಕ್ಟರಮ್ಮ ಖಾಲಿ ಡಬ್ಬಿಯೊಂದನ್ನು ಮುಂದೆ ಚಾಚುತ್ತಾರೆ. ಕಿಡ್ನಿ ಮುಕ್ಕಾಲು ಪಾಲು ಸೋತ ಮೇಲಷ್ಟೇ ರಕ್ತದಲ್ಲಿ ಕ್ರಿಯೇಟಿನೈನ್ ಏರುವುದುಂಟು, ಹಾಗಾಗಿ ಮೂತ್ರವೂ ಬೇಕು.

"ಟ್ರೇನಲ್ಲಿ ಮಣ್ಣಿನ ಬದಲು ತೊಳೆದ ಅಕ್ವೇರಿಯಂ ಕಲ್ಲು ಹಾಕಿ. ಮಾಡಿದ ತಕ್ಷಣ ಹಿಡ್ಕೊಂಡು ಬನ್ನಿ."