ನಿನ್ನ ಹಳೇ ಕಂಪ್ಯೂಟರ್ ಇನ್ನೂ ನಡೀತಿದೆ

ಮಾಧವರಂ, ಚೆನ್ನೈ

ಪ್ರೀತಿಯ ಪುಟ್ಟಾ,

ಮೊದಲು ಮುಖ್ಯ ವಿಷಯ ಹೇಳಿಬಿಡ್ತೀನಿ. ನನಗೆ ಹೊಸ ಲ್ಯಾಪ್‌ಟಾಪ್ ಕಳಿಸಬೇಡ. ಆರ್ಡರ್ ಮಾಡಿದ್ದರೆ ಈಗಲೇ ಕ್ಯಾನ್ಸಲ್ ಮಾಡು. 2014ರಲ್ಲಿ ನೀನು, ಅಪ್ಪ ರಿಚ್ಚಿ ಸ್ಟ್ರೀಟಿಗೆ ಹೋಗಿ ಒಂದೊಂದೇ ಪಾರ್ಟ್ ಆರಿಸಿ ತಂದು, ನಡುಮನೆಯಲ್ಲಿ ಚಾಪೆ ಹಾಸಿ ಜೋಡಿಸಿದಿರಲ್ಲ, ಆ ಕಪ್ಪು ಡಬ್ಬ ಇನ್ನೂ ನಡೀತಿದೆ. ಈ ಕಾಗದ ಟೈಪ್ ಮಾಡ್ತಿರೋದೂ ಅದರಲ್ಲೇ.

ನೀನು ಹೋದಮೇಲೆ ನಮ್ಮ ರಸ್ತೆ ಏನಾಗಿದೆ ಅಂತ ನಿನಗೆ ಗೊತ್ತಿಲ್ಲ. ಮೆಟ್ರೊ ಎರಡನೇ ಹಂತದ ಎರಡು ಮಾರ್ಗ ಮಾಧವರಂನಿಂದಲೇ ಹೊರಡುತ್ತವೆ, ಒಂದು ಸಿಪ್‌ಕಾಟ್‌ಗೆ, ಇನ್ನೊಂದು ಶೋಲಿಂಗನಲ್ಲೂರಿಗೆ. ಅದಕ್ಕಾಗಿ ವರ್ಷಗಟ್ಟಲೆ ಅಗೆದಿದ್ದೇ ಅಗೆದಿದ್ದು. ಜೊತೆಗೆ ಮಣಲಿ ಕಡೆಯ ಕಂಟೇನರ್ ಲಾರಿಗಳು. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಲ್ಲಿ ರಂಗೋಲಿ ಬಿಡಬಹುದು. ಆ ಧೂಳು ಡಬ್ಬದೊಳಗೂ ಹೋಗುತ್ತೆ ಅಂತ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಕಂಪ್ಯೂಟರ್ ಅರ್ಧ ಗಂಟೆ ನಡೆದು ತಾನೇ ಆಫ್ ಆಗೋಕೆ ಶುರುವಾಯ್ತು. ಒಂದು ಅಂಗಡಿಗೆ ಕಳಿಸಿದರೆ ತಿರುಪೂ ಬಿಚ್ಚದೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ನನಗ್ಯಾಕೋ ನಂಬಿಕೆ ಬರಲಿಲ್ಲ. ಹಿಂದಿನ ಬೀದಿಯಲ್ಲಿ ಸರ್ವಿಸ್ ಮಾಡೋ ಹುಡುಗನನ್ನು ಮನೆಗೇ ಕರೆಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ಕಾಯಿಲೆ ಇದ್ದಿದ್ದು ಬೋರ್ಡಿನಲ್ಲಿ ಅಲ್ಲವೇ ಅಲ್ಲ. ಪ್ರೊಸೆಸರ್ ಮೇಲೆ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕ್ ಇರುತ್ತಲ್ಲ, ಆ ರೆಕ್ಕೆಗಳ ಸಂದಿಯೆಲ್ಲ ಧೂಳಿನಿಂದ ಕಟ್ಟಿಹೋಗಿತ್ತು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತಂತೆ. ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಸುಟ್ಟುಹೋಗದಿರಲಿ ಅಂತ ಎಲ್ಲವನ್ನೂ ನಿಲ್ಲಿಸಿಬಿಡುತ್ತೆ. ಹುಡುಗ ಬ್ರಷ್‌ನಲ್ಲಿ ಧೂಳು ಕೊಡವಿ, ಒಣಗಿ ಹಿಟ್ಟಾಗಿದ್ದ ಹಳೇ ಪೇಸ್ಟ್ ಒರೆಸಿ, ಹೊಸ ಥರ್ಮಲ್ ಪೇಸ್ಟನ್ನು ಅಜ್ಜಿ ಗಂಧ ಹಚ್ಚುತ್ತಿದ್ದ ಹಾಗೆ ತೆಳ್ಳಗೆ ಹಚ್ಚಿದ. ಎರಡು ಲೋಹದ ನಡುವೆ ಗಾಳಿ ಉಳಿದರೆ ಶಾಖ ಸರಿಯಾಗಿ ದಾಟಲ್ಲ, ಆ ಸಂದು ತುಂಬೋದಷ್ಟೇ ಅದರ ಕೆಲಸ. ಜಾಸ್ತಿ ಬಳಿದರೆ ಉಪಕಾರವೇನೂ ಇಲ್ಲ.

ಇನ್ನೊಂದು ತಮಾಷೆ ಕೇಳು. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು 2014ಕ್ಕೆ ಹೋಗ್ತಿತ್ತು, ಬ್ಯಾಂಕಿನ ಪುಟ ತೆರೀತಿರಲಿಲ್ಲ. ನಾನು ಬ್ಯಾಂಕಿನವರನ್ನು ಬೈಕೊಳ್ತಿದ್ದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಮೂರು ವೋಲ್ಟಿನ ಬ್ಯಾಟರಿ ಇದೆ, ಕರೆಂಟ್ ಇಲ್ಲದಾಗ ಗಡಿಯಾರ ಓಡಿಸೋದು ಅದೇ. ಅದು ಸತ್ತಿತ್ತು. ತಾರೀಖು ತಪ್ಪಿದರೆ ಬ್ಯಾಂಕಿನ ಸರ್ಟಿಫಿಕೇಟನ್ನು ಬ್ರೌಸರ್ ನಂಬೋದಿಲ್ಲವಂತೆ. ಇಷ್ಟು ಚಿಕ್ಕ ಬಿಲ್ಲೆಗೆ ಅಷ್ಟು ದೊಡ್ಡ ಅಧಿಕಾರ!

ಈಗ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂದಿದೆ. ನಾಲ್ಕು ಜಿಬಿ ರ‍್ಯಾಮ್ ಎಂಟಾಗಿದೆ. ನಮ್ಮದು ಡಿಡಿಆರ್3, ಆಮೇಲೆ ಬಂದ ಡಿಡಿಆರ್4 ಅದರ ಸ್ಲಾಟಿಗೆ ಕೂರೋದೇ ಇಲ್ಲ, ಕಚ್ಚು ಬೇರೆ ಕಡೆ ಇದೆ. ಹಾಗಾಗಿ ಹುಡುಗ ರಿಚ್ಚಿ ಸ್ಟ್ರೀಟಿನಲ್ಲಿ ಹಳೇದೇ ಹುಡುಕಿ ತಂದ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು, 11 ಈ ಪ್ರೊಸೆಸರನ್ನು ಒಪ್ಪಲ್ಲ. ಪಾರ್ಟೆಲ್ಲ ಗಟ್ಟಿಯಾಗಿರೋ ಯಂತ್ರವನ್ನು ಗುಜರಿಗೆ ಹಾಕಿಸೋ ಈ ರೀತಿ ನನಗೆ ಹಿಡಿಸಲಿಲ್ಲ. ಲಿನಕ್ಸ್ ಹಾಕಿಸಿಕೊಂಡೆ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಅದರಲ್ಲಿ ಮೊದಲೇ ಇದೆ ಕಣೋ! ಒತ್ತಕ್ಷರಕ್ಕೆ ಎಫ್ ಒತ್ತೋ ನನ್ನ ಅಭ್ಯಾಸ ತಪ್ಪಲಿಲ್ಲ.

ಮೊನ್ನೆ ಎದುರು ಮನೆ ಕಂಪ್ಯೂಟರ್ ಬೀಪ್ ಬೀಪ್ ಅಂತ ಕೂಗಿ ತೆರೆ ಕಪ್ಪಾಗೇ ಇತ್ತು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ರ‍್ಯಾಮ್ ಬಿಡಿಸಿ ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ಬಂತು. ಈ ಊರಿನ ಉಪ್ಪುಗಾಳಿಗೆ ಅಲ್ಲಿ ಕಿಲುಬು ಹಿಡಿಯುತ್ತೆ. ಆ ಮನೆಯವರು ಈಗ ನನ್ನನ್ನು ಇಂಜಿನಿಯರಮ್ಮ ಅಂತಾರೆ.

ನಿನ್ನ ಮಗಳು ಚಿನ್ನಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡ್ತೀನಿ ಅಂದೆಯಲ್ಲ, ಒಂದು ಮಾತು. ಅಂಗಡಿಯವರು ಪ್ರೊಸೆಸರ್ ಹೆಸರು ದೊಡ್ಡದು ಮಾಡಿ, ದುಡ್ಡು ಉಳಿಸೋಕೆ ಅಗ್ಗದ ಎಸ್‌ಎಂಪಿಎಸ್ ತುರುಕ್ತಾರೆ. ಅದನ್ನು ಒಪ್ಪಬೇಡ. ಗೋಡೆಯ 230 ವೋಲ್ಟನ್ನು 12, 5, 3.3ಕ್ಕೆ ಇಳಿಸಿ ಎಲ್ಲರಿಗೂ ಹಂಚೋದು ಅದೇ, ಅದು ಕೆಟ್ಟು ಹೋಗುವಾಗ ಬೋರ್ಡನ್ನೂ ಜೊತೆಗೆ ಕರಕೊಂಡು ಹೋಗಬಹುದು. ಶಾಲೆ ಓದಿಗೆ ಗ್ರಾಫಿಕ್ಸ್ ಕಾರ್ಡ್ ಬೇಡ. ಆದರೆ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ, ನೋಡಿ ತಗೋ. ನಿಮ್ಮದು ಬಾಡಿಗೆ ಮನೆ, ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ಅಂತಲೂ ನೋಡಿಸು. ಜೋಡಿಸುವಾಗ ಚಿನ್ನಿಯನ್ನು ಪಕ್ಕದಲ್ಲೇ ಕೂರಿಸಿಕೋ. ಶಕ್ತಿ ಅನ್ನೋ ಪ್ರೊಸೆಸರನ್ನು ಅಜ್ಜಿ ಊರಿನ ಐಐಟಿಯಲ್ಲೇ ರೂಪಿಸಿದ್ದು ಅಂತಲೂ ಅವಳಿಗೆ ಹೇಳು.

ಕೊನೆಗೆ, ಅಪ್ಪನ ಫೋಟೋ ವಿಷಯ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ನೀರು ಹೊಸಿಲಿಗೆ ಬಂದಾಗ ಪಕ್ಕದ ಮನೆ ಹುಡುಗರನ್ನು ಕರೆದು ಮೊದಲು ಬೀರು ಮೇಲೆ ಏರಿಸಿದ್ದು ಈ ಡಬ್ಬವನ್ನೇ. ಅಕ್ಕಿ ಚೀಲ ಆಮೇಲೆ. ಅಪ್ಪ ಹೋಗೋಕೆ ಮುಂಚಿನ ಎಲ್ಲ ಫೋಟೋಗಳೂ ಆ ಹಳೇ ಹಾರ್ಡ್ ಡಿಸ್ಕಿನಲ್ಲೇ ಇದ್ದವು. ಅದರೊಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತುತ್ತೆ, ಓದೋ ಮುಳ್ಳು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಎತ್ತರದಲ್ಲಿ ತೇಲುತ್ತೆ, ತಗುಲಿದರೆ ಮುಗೀತು ಅಂತ ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲವನ್ನೂ ಎಸ್‌ಎಸ್‌ಡಿಗೆ ಕಾಪಿ ಮಾಡಿಸಿ, ಹಳೇದನ್ನು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೀನಿ. ಆದರೂ ಎರಡು ಪ್ರತಿಯೂ ಒಂದೇ ಮನೆಯಲ್ಲಿವೆ. ಆ ಲ್ಯಾಪ್‌ಟಾಪ್ ದುಡ್ಡಿನಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ದೀಪಾವಳಿಗೆ ಬಾ, ಮೂರನೇ ಪ್ರತಿ ಮಾಡಿಕೊಂಡು ಬೆಂಗಳೂರಿಗೆ ಒಯ್ದು ಇಟ್ಟುಕೋ.

ನಿನ್ನ ಅಮ್ಮ