ಬತ್ತಿಸಲು ತೋಡಿದ ಕಾಲುವೆ

ಜೌಗು ನೆಲ ಕಂಡರೆ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ನೀರನ್ನು ಹೊರಗಟ್ಟಿ ಅಲ್ಲೊಂದು ಗದ್ದೆಯನ್ನೋ ಮನೆಯನ್ನೋ ಮಾಡುವವರೆಗೆ ಅವನಿಗೆ ಸಮಾಧಾನವಿಲ್ಲ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ಸು ಹತ್ತಿಳಿಯುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಜಾರ್ಜಿಯಾ ಸಂಸ್ಥಾನದ ದಕ್ಷಿಣದಂಚಿನಲ್ಲಿ ಓಕಿಫನೋಕಿ ಎಂಬ ಜೌಗುಕಾಡಿದೆ. 'ಅದುರುವ ನೆಲ' ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. 1891ರಲ್ಲಿ ಸರ್ಕಾರ ಅದನ್ನು ಎಕರೆಗೆ 26.5 ಸೆಂಟಿನಂತೆ ಮಾರಿತು. ಕೊಂಡವರು ನೀರನ್ನು ಬಸಿದು ಸಾಗುವಳಿ ಮಾಡುವ ಹುಮ್ಮಸ್ಸಿನಿಂದ 11 ಮೈಲಿಗೂ ಮಿಕ್ಕಿ ಕಾಲುವೆ ತೋಡಿದರು. ಬತ್ತಿದ್ದು ಅವರ ಹಣ. ಆಮೇಲೆ ಬಂದವರು ಸೈಪ್ರೆಸ್ ಮರಗಳನ್ನು ಕಡಿದು, ಜೌಗಿನೊಳಕ್ಕೇ ರೈಲುಹಾದಿ ಹಾಕಿ ಸಾಗಿಸಿದರು. ಕೊನೆಗೆ 1937ರಲ್ಲಿ ಇದು ವನ್ಯಜೀವಿಗಳ ರಕ್ಷಿತಧಾಮವಾಯಿತು. 1974ರಲ್ಲಿ ಅದರ ಮೂರೂವರೆ ಲಕ್ಷ ಎಕರೆಯನ್ನು ಯಾರೂ ಬದಲಿಸಬಾರದ ಅರಣ್ಯವೆಂದು ಕಾನೂನೇ ಸಾರಿತು.

ನಮ್ಮ ದೋಣಿ ಸಾಗಿದ್ದು ಅದೇ ಕಾಲುವೆಯಲ್ಲಿ! ನೀರು ಕಷಾಯದಂತೆ ಕಪ್ಪು. ಕೊಳೆತ ಸೊಪ್ಪುಸದೆಯ ಸಾರ ಇಳಿದು ಬಂದ ಬಣ್ಣವದು. ಸೈಪ್ರೆಸ್ ಕೊಂಬೆಗಳಿಂದ ಬೂದುಬಣ್ಣದ ಜಟೆಗಳು ಇಳಿಬಿದ್ದಿದ್ದವು. ಈ ಜಟೆ ಅನಾನಸಿನ ಬಳಗಕ್ಕೆ ಸೇರಿದ್ದೆಂದರೆ ನಂಬುವುದು ಕಷ್ಟ. ದಡದಲ್ಲೊಂದು ಮೊಸಳೆ ಬಿಸಿಲು ಕಾಯಿಸುತ್ತಿತ್ತು. ನಾವು ಬಂದುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಜೌಗಿನಂಚಿನ ಮರಳು ದಿಣ್ಣೆಗಳ ಮೇಲೆ ನೀಳೆಲೆಯ ಪೈನ್ ಮರಗಳು. ಅವುಗಳ ಬುಡವೆಲ್ಲ ಕರಿಹಿಡಿದಿತ್ತು. ಕಾಡನ್ನು ಕಾಯುವವರೇ ಹದ ನೋಡಿ ಅಲ್ಲಿ ಬೆಂಕಿಯಿಡುತ್ತಾರೆ. ಕುರುಚಲು ಸುಟ್ಟುಹೋಗುತ್ತದೆ, ದಪ್ಪ ತೊಗಟೆಯ ಪೈನ್ ಉಳಿಯುತ್ತದೆ, ಅದರ ಬೀಜಕ್ಕೆ ಮೊಳೆಯಲು ಬರಿನೆಲ ಸಿಗುತ್ತದೆ. ಇಂಥ ಬದುಕಿರುವ ಮರದಲ್ಲೇ ಅಪರೂಪದ ಮರಕುಟಿಗವೊಂದು ಗೂಡು ಕೊರೆಯುತ್ತದೆ. ಗೂಡಿನ ಸುತ್ತ ಕುಕ್ಕಿ ಅಂಟು ಒಸರುವಂತೆ ಮಾಡುತ್ತದೆ. ಹಾವು ಆ ಅಂಟನ್ನು ದಾಟಿ ಹತ್ತಲಾರದು. ಕಾಡನ್ನು ಅದರ ಪಾಡಿಗೆ ಬಿಡುವುದೆಂದರೆ ಕೈಕಟ್ಟಿ ಕೂರುವುದೆಂದು ತಿಳಿದಿದ್ದ ನನಗೆ ಆ ಕರಿಬುಡಗಳು ಬೇರೆ ಪಾಠ ಹೇಳಿದವು.

ಜೌಗಿನ ಪೂರ್ವಕ್ಕೆ, ಕೆರೆಗೆ ಏರಿಯಿದ್ದಂತೆ, ಉದ್ದವಾದ ದಿಬ್ಬವೊಂದು ನೀರಿಗೆ ಅಡ್ಡವಾಗಿ ಮಲಗಿದೆ. ಅಲ್ಲಿ ಟೈಟಾನಿಯಂ ಅದಿರಿಗಾಗಿ ಗಣಿ ತೋಡುವ ಯೋಜನೆಯೊಂದು ಹೊರಟಿತ್ತು. ಏರಿಯನ್ನು ಅಗೆದರೆ ಕೆರೆ ಉಳಿದೀತೆ? 2025ರಲ್ಲಿ ನಿಸರ್ಗ ಸಂರಕ್ಷಣೆಯ ಸಂಸ್ಥೆಯೊಂದು ಎಂಟು ಸಾವಿರ ಎಕರೆಯಷ್ಟಿರುವ ಆ ನೆಲವನ್ನು ಸುಮಾರು 6 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಯಾರೂ ಏನೂ ತೋಡದಿರಲಿ ಎಂದು! ಎಕರೆಗೆ 26.5 ಸೆಂಟು ಕೊಟ್ಟು ಕಾಲುವೆ ತೋಡಿದವರು ಈ ಲೆಕ್ಕ ಕೇಳಿದ್ದರೆ ಏನೆನ್ನುತ್ತಿದ್ದರೋ!