ಕಿಡಿಯ ಸಾಕ್ಷ್ಯ

ಕಣ್ಣಿಗೆ ಕಂಡ ದೋಷವನ್ನೇ ದೋಷದ ಮೂಲವೆಂದು ತಿಳಿಯುವುದು ಲೋಕದ ರೂಢಿ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪೆಟ್ರೋಲ್ ಪಿಕಪ್ ಬಂಡಿಯು ಏರಿನಲ್ಲಿ ಕೆಮ್ಮತೊಡಗಿತು. ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದರ ಸ್ಪಾರ್ಕ್ ಪ್ಲಗ್ ಮಾತ್ರ ಪದೇ ಪದೇ ಕೆಡುತ್ತಿದ್ದಿತು. ಎರಡು ಸಲ ಹೊಸದನ್ನು ತರಿಸಿದ ಯಜಮಾನರಿಗೆ, ಚಾಲಕನು ಹೊಸದನ್ನು ಮಾರಿ ಹಳೆಯದನ್ನು ಹಾಕುತ್ತಿರುವನೆಂಬ ಸಂಶಯ ಹುಟ್ಟಿತು. ಹದಿನೈದು ವರ್ಷ ಉಂಡ ಮನೆಯಲ್ಲಿ ಆ ಮಾತನ್ನು ಕೇಳಿದ ಚಾಲಕನು ವಾದಿಸಲಿಲ್ಲ. ಯಜಮಾನರ ಎದುರಿನಲ್ಲಿಯೇ, ತಣಿದ ಯಂತ್ರದಿಂದ ಪ್ಲಗ್ಗುಗಳನ್ನು ಬಿಚ್ಚಿ, ಮೂರನೆಯದನ್ನು ಒರಸಿ ಒಂದನೆಯದರ ಸ್ಥಾನದಲ್ಲಿಯೂ, ಒಂದನೆಯದನ್ನು ಮೂರನೆಯದರ ಸ್ಥಾನದಲ್ಲಿಯೂ ಕೂಡಿಸಿ ಗುರುತಿಟ್ಟನು.

ಎರಡು ವಾರಗಳ ತರುವಾಯ ಬಿಚ್ಚಿದಾಗ, ಹಳೆಯ ಅಪರಾಧಿಯು ತಿಳಿಕಂದು ಬಣ್ಣದಿಂದ ಆರೋಗ್ಯವಾಗಿದ್ದಿತು. ಮೊದಲು ಚೆನ್ನಾಗಿದ್ದುದು ಎಣ್ಣೆಯಲ್ಲಿ ನೆನೆದು ಕಪ್ಪಾಗಿದ್ದಿತು. ಒಣಮಸಿಯಾಗಿದ್ದರೆ ಪೆಟ್ರೋಲು ಹೆಚ್ಚಾಯಿತೆನ್ನಬಹುದು. ಎಣ್ಣೆಯ ಜಿಡ್ಡೆಂದರೆ ಒಳಸೋರಿಕೆ. ವಿದ್ಯುತ್ತು ಎಡೆಯನ್ನು ಹಾರಿ ಕಿಡಿಯಾಗದೆ ಆ ಮಸಿಯ ಮೇಲೆಯೇ ಹರಿದುಹೋಗುತ್ತಿದ್ದಿತು. ಮೇಸ್ತ್ರಿಯು ಬಿರುಸಾಗಿ ಬಿರಿದ ವಾಲ್ವ್ ಸೀಲುಗಳನ್ನು ತೆಗೆದು ಹೊಸವನ್ನು ಹಾಕಿದನು. ಬಂಡಿಯ ಕೆಮ್ಮು ನಿಂತಿತು.

ಯಜಮಾನರು ಏನೂ ನುಡಿಯಲಿಲ್ಲ. ಮರುದಿನ ಕೂಲಿಯ ಹಣದ ಚೀಲವನ್ನು ಎಣಿಸದೆಯೇ ಚಾಲಕನ ಕೈಗಿತ್ತರು. ಅವನು ಅವರೆದುರಿನಲ್ಲಿಯೇ ಕುಳಿತು ಎಣಿಸಿದನು.